ಬುತ್ತಿ ಕಟ್ಟದ ನಾಯಕಿಯರು

ಅಣ್ಣಿಗೇರಿಯ ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿಯ ಹಿಂದೆ ಯಾವಾಗಲೂ ಒಂದು ಕಾದಂಬರಿ ಇರುತ್ತಿತ್ತು. ಅದು ನನ್ನ ವೈನಿಯದು. ಅಣ್ಣನ ಮದುವೆಯಾಗಿ ಅವರು ನಮ್ಮ ಮನೆಗೆ ಬಂದ ವರ್ಷವೇ ಲೈಬ್ರರಿಯಿಂದ ಪುಸ್ತಕ ತಂದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ, ಯಾರದಾದರೂ ಸರಿ. ಆದರೆ ವೈನಿಗೆ ಒಂದು ಶರತ್ತು ಇತ್ತು. ‘ಗುಡ್ಡ ಇರೋದು ತಾ, ಮಳಿ ಇರೋದು ತಾ’ ಅನ್ನುತ್ತಿದ್ದರು. ಊಟಿ, ಮಡಿಕೇರಿ, ಚಿಕ್ಕಮಗಳೂರು, ಇವುಗಳಲ್ಲಿ ಯಾವುದಾದರೂ ಒಂದು ಊರಿಗೆ ಕಥೆಯ ಹುಡುಗಿ ರಜೆಗೆ ಹೋಗಲೇಬೇಕು.

ನಾನಾಗ ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ನವ್ಯ, ಬಂಡಾಯ ಎಂದೆಲ್ಲ ತಲೆ ತುಂಬಿಕೊಂಡಿದ್ದ ನನಗೆ ಈ ಪುಸ್ತಕಗಳೆಂದರೆ ತಾತ್ಸಾರ. ಒಮ್ಮೆ ಮುಖಪುಟ ನೋಡಿ ನಕ್ಕೆ. ವೈನಿ ರೊಟ್ಟಿ ತಟ್ಟುತ್ತಲೇ, ‘ಯಾಕ ನಗತೀ? ನಿನಗ ದಿನಾ ಹೋಗಾಕ ರೈಲ ಐತಿ. ನನಗ ಇದ ರೈಲು’ ಎಂದರು. ಆ ಮಾತು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು.

ಈ ಕಥೆಗಳ ಅಚ್ಚು ನಿಮಗೂ ಗೊತ್ತಿದ್ದದ್ದೇ. ಪರೀಕ್ಷೆ ಮುಗಿಸಿದ ಹುಡುಗಿ ಚಿಕ್ಕಮ್ಮನ ಎಸ್ಟೇಟಿಗೋ ಗೆಳತಿಯ ಊರಿಗೋ ಹೋಗುತ್ತಾಳೆ. ಮಂಜು ಮುಸುಕುತ್ತದೆ, ಜೀಪು ಕೆಡುತ್ತದೆ, ಮಳೆ ಬರುತ್ತದೆ. ಮುಖ ಗಂಟಿಕ್ಕಿದ ಒಬ್ಬ ತರುಣ ಬರುತ್ತಾನೆ. ಮೊದಲು ಜಗಳ, ನಂತರ ಜ್ವರ, ಆಮೇಲೆ ಪ್ರೇಮ. ವಿಮರ್ಶಕರು ಇದನ್ನು ಹಗಲುಗನಸು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ನಾನೂ ತಳ್ಳಿಹಾಕಿದವಳೇ. ಆದರೆ ಪ್ರೇಮಕ್ಕೆ ಈ ಲೇಖಕಿಯರು ಪ್ರವಾಸವನ್ನೇ ಯಾಕೆ ಹುಡುಕಿದರು ಎಂದು ನಾವು ಯಾರೂ ಕೇಳಲಿಲ್ಲ.

ಉತ್ತರ ನಮ್ಮ ಓಣಿಯಲ್ಲಿಯೇ ಇತ್ತು. ನವಲಗುಂದದಲ್ಲಾಗಲಿ ಕುಂದಗೋಳದಲ್ಲಾಗಲಿ ಒಂದು ಹುಡುಗಿ ಹುಡುಗನ ಜೊತೆ ನಾಲ್ಕು ಮಾತಾಡಲು ಜಾಗ ಎಲ್ಲಿತ್ತು? ಬಸ್‌ಸ್ಟ್ಯಾಂಡಿನಲ್ಲಿ ಕಾಕಾ, ಪೇಟೆಯಲ್ಲಿ ಮಾಮಾ, ಗುಡಿಯಲ್ಲಿ ಸಾಕ್ಷಾತ್ ಅತ್ತಿ. ಮಾತು ಮುಗಿಯುವುದರೊಳಗೆ ಸುದ್ದಿ ಮನೆ ಸೇರಿರುತ್ತಿತ್ತು. ಎರೆಹೊಲದ ಸೀಮೆಯಲ್ಲಿ ಮರೆಗೆ ಒಂದು ಗುಡ್ಡವೂ ಇಲ್ಲ. ಕಥೆಯೊಳಗಿನ ಹುಡುಗಿ ಊರು ಬಿಡುವುದು ಮೋಜಿಗಲ್ಲ, ನೋಡುವ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ. ಮಂಜು ಅಂದರೆ ಕಾದಂಬರಿಯಲ್ಲಿ ಒಂದು ಪರದೆ. ಅದರ ಹಿಂದೆ ಅವಳು ಮೊದಲ ಸಲ ತನ್ನ ಮನಸ್ಸಿಗೆ ಬಂದದ್ದನ್ನು ಆಡುತ್ತಾಳೆ.

ನಮ್ಮ ಹೆಣ್ಣುಮಕ್ಕಳು ಪ್ರವಾಸವನ್ನೇ ಕಾಣದವರೆಂದು ಇದರರ್ಥವಲ್ಲ. ಪಂಚಮಿಗೆ ಅಣ್ಣ ಕರೆಯಲು ಬಂದರೆ ತವರು, ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೊಲ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಹೋಳಿಗೆ ನವಲಗುಂದದ ರಾಮಲಿಂಗ ಕಾಮಣ್ಣನ ಹರಕೆ. ಚಕ್ಕಡಿಯಲ್ಲಿ ಜಮಖಾನೆ ಹಾಸಿ, ಬುತ್ತಿ ಗಂಟು ಇಟ್ಟುಕೊಂಡು ಹೊರಟರೆ ಅದರ ಸೊಗಸೇ ಬೇರೆ. ಬಾಣಂತಿ ಕಲಘಟಗಿಯ ಬಣ್ಣದ ತೊಟ್ಟಿಲಿನೊಂದಿಗೆ ಗಂಡನ ಮನೆಗೆ ಮರಳುವುದೂ ಒಂದು ಪ್ರಯಾಣವೇ. ಆದರೆ ನೋಡಿ, ಪ್ರತಿಯೊಂದಕ್ಕೂ ಒಂದು ಕಾರಣ ಬೇಕು. ದೇವರು, ಹಬ್ಬ, ಹೆರಿಗೆ, ಇಲ್ಲವೇ ಸಾವು. ‘ನನಗ ನೋಡಬೇಕು ಅನಿಸೇತಿ’ ಎಂಬುದು ಕಾರಣದ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಒಂದು ಕಾರಣವನ್ನು ಪುಸ್ತಕದಲ್ಲಿ ಬರೆದವರು ಈ ಲೇಖಕಿಯರು. ಅಷ್ಟರ ಮಟ್ಟಿಗೆ ಅವರ ಋಣ ನಮ್ಮ ಮೇಲಿದೆ.

ಇನ್ನು ಅವರ ತಪ್ಪು ಹೇಳುತ್ತೇನೆ. ಈ ನಾಯಕಿಯರು ಬುತ್ತಿ ಕಟ್ಟುವುದಿಲ್ಲ. ಅವರು ಎದ್ದ ಕೂಡಲೇ ಕಾಫಿ ಬರುತ್ತದೆ, ತಿರುಗಿ ಬಂದ ಕೂಡಲೇ ಊಟ ಬರುತ್ತದೆ. ತಂದಿಟ್ಟ ಅಡಿಗೆಯಾಕೆಗೆ ಹೆಸರೂ ಇರುವುದಿಲ್ಲ. ಮದುವೆ ನಿಶ್ಚಯವಾದೊಡನೆ ಕಥೆ ಮುಗಿಯುತ್ತದೆ. ಮಧುಚಂದ್ರದಿಂದ ತಿರುಗಿ ಬಂದ ಹುಡುಗಿ ಆ ಗುಡ್ಡವನ್ನು ಮತ್ತೆ ನೋಡಿದಳೇ? ಯಾರೂ ಬರೆಯಲಿಲ್ಲ.

ತ್ರಿವೇಣಿಯವರ ‘ಬೆಳ್ಳಿಮೋಡ’ ಇದಕ್ಕೆ ದೊಡ್ಡ ಅಪವಾದ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನೆಮಾ ಮಾಡಿದ ಮೇಲೆ ಓದದವರಿಗೂ ಆ ಕಥೆ ಗೊತ್ತು. ಅಲ್ಲಿ ಗುಡ್ಡ, ತೋಟ, ಮನೆ ಎಲ್ಲ ಇಂದಿರೆಯದೇ, ಬಂದು ಹೋಗುವವನು ಮೋಹನ. ಆಸ್ತಿಗೆ ಇನ್ನೊಬ್ಬ ವಾರಸುದಾರ ಹುಟ್ಟಿದಾಗ ಅವನ ಮನಸ್ಸು ತಿರುಗುತ್ತದೆ. ಅದೇ ಇಂದಿರೆ ಮುಂದೆ ಅವನ ಶುಶ್ರೂಷೆ ಮಾಡಿ, ಅವನು ಬೇಡಿ ಬಂದಾಗ ಒಲ್ಲೆ ಅನ್ನುತ್ತಾಳೆ. ಅದೇ ಲೇಖಕಿಯ ‘ಶರಪಂಜರ’ 1971ರಲ್ಲಿ ಸಿನೆಮಾ ಆಯಿತು. ಅದರ ಕೊಡಗಿನ ಕಿತ್ತಳೆ ತೋಟದ ಹಾಡು ನಮಗೆಲ್ಲ ನೆನಪಿದೆ. ಆ ಹಾಡಿನ ನಂತರ ಕಾವೇರಿಗೆ ಆದದ್ದನ್ನು ನಾವು ಬೇಗ ಮರೆಯುತ್ತೇವೆ. ತ್ರಿವೇಣಿ ಮರೆಯಲು ಬಿಟ್ಟಿರಲಿಲ್ಲ. ತೋಟದಿಂದ ಮನೆಗೆ ಬಂದ ಹೆಣ್ಣಿನ ಪಾಡನ್ನೇ ಅವರು ಬರೆದದ್ದು.

ಆಮೇಲೆ ಬಂದ ಸಿನೆಮಾಗಳಲ್ಲಿ ಪ್ರಯಾಣಿಕನೇ ಬದಲಾದ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’, 2008ರ ‘ಗಾಳಿಪಟ’ ಎರಡರಲ್ಲೂ ಪಟ್ಟಣ ಬಿಟ್ಟು ಮಳೆಯ ಊರಿಗೆ ಹೋಗುವವರು ಗಂಡುಹುಡುಗರು. ಯೋಗರಾಜ ಭಟ್ಟರ ಮಾತು, ಮಳೆ, ಜೋಗ ನನಗೂ ಸೇರಿದವು. ಆದರೆ ವೈನಿಯ ಕಾದಂಬರಿಗಳಲ್ಲಿ ಕಿಟಕಿಯಿಂದ ನೋಡುವ ಕಣ್ಣು ಹುಡುಗಿಯದಾಗಿತ್ತು. ಇಲ್ಲಿ ಅವಳು ಜಲಪಾತದ ಹಾಗೆ ನೋಡಬೇಕಾದ ವಸ್ತುವಾದಳು. ಸಾಹಿತ್ಯವೆಂದು ನಾವು ಒಪ್ಪದ ಆ ಪುಸ್ತಕಗಳು ಈ ಒಂದು ವಿಷಯದಲ್ಲಿ ಮುಂದಿದ್ದವು.

ಇನ್ನೂ ಒಂದು ಪ್ರಯಾಣವಿದೆ. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಜನ ಆಡಿಕೊಂಡರೂ ಹೋಗುವುದು ಬಿಡಲಿಲ್ಲ. ಆ ರೈಲಿನಲ್ಲಿ ಮಂಜಿಲ್ಲ, ಎಸ್ಟೇಟಿನ ಯಜಮಾನನಿಲ್ಲ. ತನಗೆ ಬೇಕಾದ ಒಂದರ ಬೆನ್ನು ಹತ್ತಿ ಹೊರಟ ಹೆಣ್ಣಿದ್ದಾಳೆ. ನಮ್ಮ ಪ್ರಣಯ ಕಾದಂಬರಿಗಳಿಗೆ ಇಂಥ ಪ್ರಯಾಣ ಹೊಳೆಯಲಿಲ್ಲ.

ಈಗ ನನ್ನ ತಪ್ಪು. 1991ರ ಮಳೆಗಾಲದಲ್ಲಿ ನಮ್ಮ ಮನೆಯವರೆಲ್ಲ ಜೋಗಕ್ಕೆ ಹೋದೆವು. ಮದುವೆಯಾದ ಹೊಸದರಲ್ಲಿ ಅಣ್ಣ ವೈನಿಗೆ ಕೊಟ್ಟ ಮಾತು ಅದು. ಒಂದು ವರ್ಷ ಪೀಕು ಕೆಟ್ಟು, ಮತ್ತೊಂದು ವರ್ಷ ಬಾಣಂತನ ಬಂದು ಮುಂದಕ್ಕೆ ಹೋಗುತ್ತಲೇ ಇತ್ತು. ಹನ್ನೊಂದು ಜನರಿಗೆ ವೈನಿ ಎರಡು ದಿನ ಮೊದಲೇ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿದ್ದರು. ನಾವು ಹೋದಾಗ ಕಣಿವೆ ತುಂಬ ಮಂಜು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮುಚ್ಚಿಹೋಗಿದ್ದವು. ಬರೀ ಸಪ್ಪಳ. ಊಟವಾದ ಮೇಲೆ ವೈನಿ ನಳದ ಹತ್ತಿರ ಡಬ್ಬಿ ತೊಳೆಯುತ್ತ ಕುಳಿತರು. ಬಗಲಲ್ಲಿ ಸಣ್ಣ ಮಗು. ಅಷ್ಟರಲ್ಲಿ ಮಂಜು ಸರಿಯಿತು. ನಾವೆಲ್ಲ ಓಡಿದೆವು. ನಾನೂ ಓಡಿದೆ. ಐದು ನಿಮಿಷ ಇರಬಹುದು. ವೈನಿ ಕೈ ಒರೆಸಿಕೊಂಡು ಬರುವುದರೊಳಗೆ ಮತ್ತೆ ಬೆಳ್ಳಗೆ ಮುಚ್ಚಿತ್ತು. ‘ಇರಲಿ ಬಿಡು, ಪುಸ್ತಕದಾಗ ಛಲೋ ಕಂಡಿತ್ತು’ ಎಂದರು. ನಾನು ಆಗಲೂ ನಕ್ಕೆ.

ನಾಯಕಿಯರು ಡಬ್ಬಿ ತೊಳೆಯುವುದಿಲ್ಲವೆಂದು ಇಷ್ಟು ಹೊತ್ತು ಲೇಖಕಿಯರನ್ನು ದೂರಿದೆನಲ್ಲ, ಆ ದಿನ ಮಗುವನ್ನು ನಾನು ಎತ್ತಿಕೊಳ್ಳಬಹುದಿತ್ತು. ಎರಡು ಡಬ್ಬಿ ನಾನು ತೊಳೆಯಬಹುದಿತ್ತು.

2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಪುಕ್ಕಟೆ ಆಯಿತು. ಗುಡಿಗಳಿಗೆ ನೂಕುನುಗ್ಗಲು ಎಂದು ಗಂಡಸರು ಚೇಷ್ಟೆ ಮಾಡಿದರು. ಆ ಮಳೆಗಾಲದಲ್ಲೇ ಅರವತ್ತು ದಾಟಿದ ವೈನಿ ಓಣಿಯ ಮೂವರನ್ನು ಕೂಡಿಸಿಕೊಂಡು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಶಿರಸಿ, ಸಿದ್ದಾಪುರ ದಾಟಿ ಜೋಗಕ್ಕೆ ಹೋಗಿ ಬಂದರು. ಬುತ್ತಿ ಒಯ್ದಿರಲಿಲ್ಲ. ಹೋಟೆಲಿನಲ್ಲಿ ಉಂಡರಂತೆ. ಮಂಜು ಸರಿಯುವ ತನಕ ಎರಡು ತಾಸು ಕೂತಿದ್ದರಂತೆ.

ನಾನು ಊರಿಗೆ ಹೋದಾಗ ಕೇಳಿದೆ, ‘ಪುಸ್ತಕದಾಗಿನಷ್ಟ ಛಲೋ ಇತ್ತೇನ್ರಿ ವೈನಿ?’

‘ಪುಸ್ತಕದಾಗ ಇಷ್ಟ ಸಪ್ಪಳ ಇದ್ದಿದ್ದಿಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದರ ಆ ಪುಸ್ತಕ ಓದಿದ್ದಿಲ್ಲಂದ್ರ, ನೋಡಬೇಕು ಅನ್ನೂದು ಇಷ್ಟ ವರ್ಷ ಉಳೀತಿದ್ದಿಲ್ಲ ನೋಡು’ ಎಂದರು.

ಆ ಕಾದಂಬರಿಗಳ ಬಗೆಗೆ ನಾನು ಬರೆಯಬೇಕಾಗಿದ್ದ ವಿಮರ್ಶೆಯನ್ನು ವೈನಿ ಒಂದೇ ಮಾತಿನಲ್ಲಿ ಮುಗಿಸಿದ್ದರು. ಈ ಸಲ ನಾನು ನಗಲಿಲ್ಲ.