ಹರದೇಶಿ–ನಾಗೇಶಿ: ಅರ್ಧ ಉಳಿದ ವಾಗ್ವಾದ

ಉತ್ತರಕ್ಕೆ ಭೀಮೆಯನ್ನೂ ದಕ್ಷಿಣಕ್ಕೆ ಕೃಷ್ಣೆಯನ್ನೂ ಎಲ್ಲೆಯಾಗಿ ಪಡೆದು, ನಡುವೆ ಡೋಣಿಯ ಎರೆಭೂಮಿಯನ್ನು ಹಾಸಿಕೊಂಡಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳಲ್ಲಿ ಜಾತ್ರೆಯೆಂಬುದು ತೇರು ಎಳೆದಲ್ಲಿಗೆ ಮುಗಿಯುವ ಉತ್ಸವವಲ್ಲ. ಹಗಲೆಲ್ಲ ಕುಸ್ತಿಯ ಕಣದಲ್ಲಿ ಪೈಲವಾನರ ಜೋಡಿಗಳು ಸೆಣಸಿ, ಭಾರದ ಗುಂಡುಗಳನ್ನು ಎತ್ತುವವರು ತಮ್ಮ ಭುಜಬಲವನ್ನು ಮೆರೆದು, ಮಂದಿ ಬುತ್ತಿ ಬಿಚ್ಚಿ ಉಂಡು ತಣಿದ ತರುವಾಯ, ಗುಡಿಯ ಮುಂದಿನ ಬಯಲು ಇನ್ನೊಂದು ಕಾಳಗಕ್ಕೆ ಅಣಿಯಾಗುತ್ತದೆ. ಅಲ್ಲಿ ಆಯುಧವೆಂದರೆ ಒಂದು ದಪ್ಪು, ಒಂದು ತುಂತುಣಿ, ಒಂದು ಜೊತೆ ತಾಳ; ಉಳಿದುದೆಲ್ಲ ಕಂಠ ಮತ್ತು ಸ್ಮರಣಶಕ್ತಿ. ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳು ಎದುರುಬದುರಾಗಿ ನಿಂತು ಬೆಳ್ಳಿ ಮೂಡುವವರೆಗೆ ಹಾಡಿನಲ್ಲಿಯೇ ವಾದಿಸುವ ಈ ಪದ್ಧತಿಯನ್ನು ನಮ್ಮ ಸಾಹಿತ್ಯಚರಿತ್ರೆಕಾರರು ಜನಪದಗೀತವೆಂಬ ವಿಶಾಲವಾದ ಶೀರ್ಷಿಕೆಯಡಿ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಅದು ಗೀತವೆಂಬುದು ನಿಜ. ಆದರೆ ಗೀತವಾಗುವುದಕ್ಕೆ ಮೊದಲು ಅದು ವಾದ. ಇದನ್ನು ಮರೆತುದರಿಂದ ಆ ಪರಂಪರೆಯ ಗುಣಗಳೂ ದೋಷಗಳೂ ನಮಗೆ ಸಮನಾಗಿ ಮರೆಯಾಗಿವೆ ಎಂದು ನನ್ನ ಅಭಿಪ್ರಾಯ.

ಪಕ್ಷಗಳ ಸಿದ್ಧಾಂತ ಸರಳವಾದುದು. ಹರದೇಶಿಯವರು ಹರನನ್ನು, ಎಂದರೆ ಪುರುಷತತ್ತ್ವವನ್ನು, ಹಿರಿದೆಂದು ಸಾಧಿಸತಕ್ಕವರು. ನಾಗೇಶಿಯವರು ಆದಿಶಕ್ತಿಯನ್ನು, ಸ್ತ್ರೀತತ್ತ್ವವನ್ನು, ಎತ್ತಿಹಿಡಿಯತಕ್ಕವರು. ಮಹಾರಾಷ್ಟ್ರದಲ್ಲಿ ಇದೇ ವಿಭಾಗಕ್ಕೆ ತುರಾ, ಕಲಗಿ ಎಂಬ ಹೆಸರುಗಳಿವೆ. ನಮ್ಮಲ್ಲಿಯೂ ಕಲ್ಗಿ–ತುರಾಯಿ ಎಂಬ ಮಾತು ಬಳಕೆಯಲ್ಲುಂಟು. ಎರಡೂ ಮುಂಡಾಸಿಗೆ ಸಿಕ್ಕಿಸುವ ಭೂಷಣಗಳು. ಮಧ್ಯಭಾರತದ ಕಡೆಯ ಐತಿಹ್ಯವೊಂದರ ಪ್ರಕಾರ, ತುಕನಗೀರನೆಂಬ ಗೋಸಾವಿಯೂ ಶಾಹ ಅಲಿಯೆಂಬ ಫಕೀರನೂ ಚಂದೇರಿಯ ಅರಸನ ಮುಂದೆ ಒಬ್ಬನು ಶಿವನ ಪರವಾಗಿ, ಮತ್ತೊಬ್ಬನು ಶಕ್ತಿಯ ಪರವಾಗಿ ಹಾಡಿ ವಾದಿಸಲು, ಇಬ್ಬರನ್ನೂ ಮೆಚ್ಚಿದ ಅರಸನು ಒಬ್ಬನಿಗೆ ತುರಾಯಿಯನ್ನೂ ಇನ್ನೊಬ್ಬನಿಗೆ ಕಲಗಿಯನ್ನೂ ತೆಗೆದುಕೊಟ್ಟನಂತೆ. ಕಥೆ ನಡೆದುದೋ ಕಟ್ಟಿದುದೋ ಅಂತಿರಲಿ. ತೀರ್ಪು ಕೊಡಬೇಕಾದ ಅರಸನು ತೀರ್ಪನ್ನು ಕೊಡದೆ ಜಗಳಕ್ಕೇ ಮರ್ಯಾದೆ ಮಾಡಿದನೆಂಬುದು ಆ ಕಥೆಯ ಸ್ವಾರಸ್ಯ; ಒಬ್ಬ ಗೋಸಾವಿ, ಒಬ್ಬ ಫಕೀರ ಎಂಬುದು ಅದಕ್ಕಿಂತಲೂ ಹೆಚ್ಚಿನದು. ಭೀಮಾತೀರದ ಮೇಳಗಳಲ್ಲಿ ಹಿಂದೂ ಮುಸಲ್ಮಾನ ಕವಿಗಳು ಒಂದೇ ಪುರಾಣವನ್ನು ಹಂಚಿಕೊಂಡು ಹಾಡಿದುದಕ್ಕೆ ಆ ಐತಿಹ್ಯವೇ ಮೇಲ್ಪಂಕ್ತಿಯೆನ್ನಬಹುದು.

ಇಂಡಿಯಿಂದ ಸೊಲ್ಲಾಪುರ ದೂರವಲ್ಲ. ಪೇಶವಾಯಿಯ ಕೊನೆಗಾಲದಲ್ಲಿ ಲಾವಣಿಗೆ ಪಾಂಡಿತ್ಯದ ಮೆರುಗನ್ನು ಕೊಟ್ಟ ರಾಮ ಜೋಶಿ (1762–1812) ಆ ಊರಿನವನು. ಧಾಟಿಗಳೂ ಪರಿಭಾಷೆಯೂ ಗಡಿಯಾಚೆಯಿಂದ ಧಾರಾಳವಾಗಿ ಬಂದಿವೆಯೆಂಬುದನ್ನು ಒಪ್ಪಲು ಸಂಕೋಚಪಡಬೇಕಾದುದಿಲ್ಲ. ಆದರೆ ಮರಾಠಿ ಶಾಹೀರರಿಗೆ ಪುಣೆಯ ದರಬಾರು ದೊರೆತಂತೆ ನಮ್ಮವರಿಗೆ ಯಾವ ದರಬಾರೂ ದೊರೆಯಲಿಲ್ಲ; ದೊರೆತುದು ಜಾತ್ರೆಯ ಜನ. ಆದುದರಿಂದ ಇಲ್ಲಿಯ ಲಾವಣಿಗೆ ಶೃಂಗಾರ ಒಂದು ರಸ ಮಾತ್ರವಾಯಿತು. ಶರಣರ ವಚನ, ಕಡಕೋಳದ ಮಡಿವಾಳಪ್ಪನಂಥವರ ತತ್ತ್ವಪದ, ಹರಿಕಥೆ ಪುರಾಣಗಳಲ್ಲಿ ಕೇಳಿದ ಸಂಗತಿ, ದೇಹವನ್ನು ಒಂಬತ್ತು ಬಾಗಿಲ ಮನೆಯೆಂದು ಬಣ್ಣಿಸುವ ಯೋಗಪರಿಭಾಷೆ, ಇವೆಲ್ಲವೂ ವಾದಕ್ಕೆ ಬೇಕಾದ ಸರಕಾಗಿ ಒದಗಿದವು.

ವಾದ ನಡೆಯುವ ಬಗೆಯನ್ನು ಸ್ವಲ್ಪ ಸಮೀಪದಿಂದ ನೋಡತಕ್ಕದ್ದು. ಮುಮ್ಮೇಳದವನು ದಪ್ಪನ್ನು ಎಡಗೈಯಲ್ಲಿ ಎದೆಗೆ ಆನಿಸಿ ಹಿಡಿದು, ಗಣಪತಿ, ಶಾರದೆ, ಗುರು, ಊರದೈವಗಳ ಸ್ತುತಿಯನ್ನು ಮುಗಿಸಿ, ಪಲ್ಲವನ್ನು ಎತ್ತಿಕೊಳ್ಳುತ್ತಾನೆ. ಹಿಂದೆ ನಿಂತ ಇಬ್ಬರು ಸೂರು ಹಿಡಿದು ‘ಗೀಯ ಗಾ ಗೀಯ’ ಎಂದು ಎಳೆಯುವಾಗ ಅವನಿಗೆ ಉಸಿರು ತಿರುಗಿಸಿಕೊಳ್ಳಲು ಅವಕಾಶ. ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳಲು ದೊರೆಯುವ ಸಮಯವೂ ಅಷ್ಟೇ. ಏರಿನಲ್ಲಿ ಗತಿ ತೀವ್ರವಾಗಿ ಇಳುವಿನಲ್ಲಿ ನಿಂತಾಗ ಸವಾಲು ಎದುರಾಳಿಯ ಮುಂದೆ ಬಿದ್ದಿರುತ್ತದೆ. ನಾಗೇಶಿಯವನು ಕೇಳುತ್ತಾನೆ: ಗಂಡು ಹಿರಿದೆನ್ನುವೆಯಲ್ಲ, ನಿನ್ನ ಶಿವ ಗಂಗೆಯನ್ನು ತಲೆಯ ಮೇಲೇಕೆ ಹೊತ್ತುಕೊಂಡ? ಹರದೇಶಿಯವನು ತಡಮಾಡದೆ ಹೇಳಬೇಕು: ಹೊತ್ತುಕೊಂಡುದಲ್ಲ, ಸೊಕ್ಕಿ ಬಂದವಳನ್ನು ಜಡೆಯಲ್ಲಿ ಕಟ್ಟಿಹಾಕಿದ. ಆಗ ನಾಗೇಶಿಯವನು ತಿರುಗುತ್ತಾನೆ: ಕಟ್ಟಿಹಾಕಿದವಳನ್ನು ಭಗೀರಥನ ಮಾತು ಕೇಳಿ ಬಿಟ್ಟನಲ್ಲ, ಸಗರನ ಮಕ್ಕಳಿಗೆ ಸದ್ಗತಿ ಕೊಟ್ಟುದು ಕಟ್ಟಿದವನೋ, ಹರಿದವಳೋ? ಗಂಗೆ ಒಬ್ಬಳೇ, ಕಥೆಯೂ ಒಂದೇ. ಅದರ ಯಾವ ತುದಿಯನ್ನು ಹಿಡಿದರೆ ಯಾರಿಗೆ ಗೆಲವು ಎಂಬುದನ್ನು ಕ್ಷಣಾರ್ಧದಲ್ಲಿ ಕಾಣುವುದೇ ಇಲ್ಲಿಯ ಪ್ರತಿಭೆ. ಅಲಂಕಾರಶಾಸ್ತ್ರದಲ್ಲಿ ಪ್ರತಿಭೆಗೆ ಹೇಳಿರುವ ಲಕ್ಷಣಗಳಲ್ಲಿ ಈ ಹೊಂಚಿಗೆ ಸ್ಥಾನವಿಲ್ಲ, ಶಾಸ್ತ್ರಕಾರರು ಭೀಮಾತೀರದ ಜಾತ್ರೆಗೆ ಬಂದವರಲ್ಲ.

ಹಾಡಿನ ಕಡೆಯ ನುಡಿಯನ್ನೂ ಅಲಕ್ಷಿಸಬಾರದು. ಅಲ್ಲಿ ಕವಿ ತನ್ನ ಊರನ್ನು ಹೆಸರಿಸುತ್ತಾನೆ. ಊರದೈವವನ್ನು, ಗುರುವನ್ನು, ಕವಿತ್ವ ಮಾಡಿದವನನ್ನು, ಹಾಡುವವನನ್ನು ಕ್ರಮವಾಗಿ ಹೇಳಿ, ಎದುರಿನವನಿಗೆ ಒಂದು ಕೊಂಕನ್ನೂ ಸೇರಿಸುತ್ತಾನೆ. ಶಿಷ್ಟಕವಿಯ ಅಂಕಿತ ದೇವರಿಗೆ ಸಲ್ಲುತ್ತದೆ. ಲಾವಣಿಕಾರನ ಅಂಕಿತ ಊರಿಗೆ. ಸೋತರೆ ಸೋಲುವವನು ಅವನೊಬ್ಬನಲ್ಲ, ಹಿಂದೆ ಬಂಡಿ ಕಟ್ಟಿಕೊಂಡು ಬಂದ ಊರೆಲ್ಲ ಸೋಲುತ್ತದೆ. ಈ ಭಾರವಿಲ್ಲದೆ ಬೆಳಗಿನವರೆಗೆ ಯಾರೂ ಹಾಡಲಾರರು, ಯಾರೂ ಕೇಳಲಾರರು.

ಈಗ ಇಂಥ ಹಾಡುಗಳು ಅಚ್ಚಿಗೆ ಬಂದ ವೃತ್ತಾಂತ. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದುದು ವಿದ್ವಾಂಸರಿಗೆ ತಿಳಿದುದೇ. ಆದರೆ ಈ ಸೀಮೆಯ ಹಾಡಿಗೆ ಕನ್ನಡ ಓದುಗರ ಗೌರವವನ್ನು ದೊರಕಿಸಿಕೊಟ್ಟವರು ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು: ಮಧುರಚೆನ್ನರು (1903–1953), ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’, ಹೀಗೆ ನಾಲ್ಕೈದು ವರ್ಷಗಳ ಅವಧಿಯಲ್ಲಿ ಒಂದು ಹಳ್ಳಿಯ ಮಿತ್ರಮಂಡಲಿ ಮಾಡಿದ ಕಾರ್ಯವನ್ನು ಅನಂತರ ವಿದ್ಯಾಪೀಠಗಳು ದಶಕಗಳ ಕಾಲ ಅನುಸರಿಸಿದವು. ಇವುಗಳಲ್ಲಿ ‘ಜೀವನ ಸಂಗೀತ’ ಲಾವಣಿಗಳ ಸಂಕಲನ. ಅದೇ ಊರಿನ ಖಾಜಾಭಾಯಿಯಂಥ ಲಾವಣಿಕಾರನ ಹೆಸರು ನಾಡಿನ ಕಿವಿಗೆ ಬಿದ್ದುದು ಈ ಗೆಳೆಯರ ದೆಸೆಯಿಂದ. ಬೇಂದ್ರೆಯವರ ಕಾವ್ಯದಲ್ಲಿ ಲಾವಣಿಯ ಗತಿಗಳು ಮರುಹುಟ್ಟು ಪಡೆದುದಕ್ಕೂ ಈ ಗೆಳೆಯರೊಡನಿದ್ದ ಸ್ನೇಹದ ನಂಟುಂಟು.

ಇಷ್ಟು ಕೃತಜ್ಞತೆಯನ್ನು ಸಲ್ಲಿಸಿದ ಮೇಲೆ ಒಂದು ಆಕ್ಷೇಪವನ್ನು ಹೇಳಲೇಬೇಕಾಗಿದೆ. ಮಧುರಚೆನ್ನರ ಮನೋಧರ್ಮ ಅನುಭಾವಿಯದು. ಅರವಿಂದರ ಭಕ್ತರಾದ ಅವರಿಗೆ ಹಾಡಿನಲ್ಲಿ ಬೇಕಾಗಿದ್ದುದು ಜೀವನದ ಮಾಧುರ್ಯ, ಆತ್ಮದ ತುಡಿತ. ಜಗಳ ಅವರಿಗೆ ಬೇಕಾಗಿರಲಿಲ್ಲ. ಅಂದಿನ ನಾಗರಿಕ ಓದುಗರೂ ಲಾವಣಿಯೆಂದರೆ ಮೂಗು ಮುರಿಯುವ ಕಾಲವಾದುದರಿಂದ, ಅದು ಕಾವ್ಯವೆಂದು ತೋರಿಸಿಕೊಡುವ ಹೊಣೆ ಸಂಪಾದಕರ ಮೇಲಿತ್ತು. ಪರಿಣಾಮವಾಗಿ ಹಾಡುಗಳು ಒಂದೊಂದೂ ಸ್ವಯಂಪೂರ್ಣ ಕವಿತೆಯಾಗಿ ಪುಟದ ಮೇಲೆ ಕುಳಿತವು. ಎದುರು ಮೇಳದವರು ಕೊಟ್ಟ ಜವಾಬು ಯಾವುದು, ಆ ಜವಾಬಿಗೆ ಹುಟ್ಟಿದ ಮರುಸವಾಲು ಯಾವುದು ಎಂಬುದು ಓದುಗನಿಗೆ ತಿಳಿಯುವಂತಿಲ್ಲ. ಅವರ ಬಳಿಕ ಬಂದ ಸಂಪಾದಕರಿಗೆ ಅನುಭಾವದ ನೆಪವೂ ಇರಲಿಲ್ಲ. ಆದರೂ ಅವರು ಅದೇ ಪದ್ಧತಿಯನ್ನು ಮುಂದುವರಿಸಿದರು.

ಎದುರಾಳಿಯನ್ನು ಕಳೆದುಕೊಳ್ಳುವ ಈ ಗತಿ ಆಟದ ನೆನಪಿಗೆ ಬರುವುದಿಲ್ಲ. ಹಿಮದ ನಾಡಾದ ಕೆನಡಾದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಹಳೆಯ ವೀರರನ್ನು ಕುರಿತ ಚರ್ಚೆಯನ್ನು ಗಮನಿಸಿ: ಮಾಂಟ್ರಿಯಲ್ ತಂಡದ ಮೋರಿಸ್ ರಿಷಾರ್ ಹೆಚ್ಚೋ, ಡೆಟ್ರಾಯಿಟ್ ತಂಡದ ಗಾರ್ಡಿ ಹೋ ಹೆಚ್ಚೋ? ಇಬ್ಬರೂ ಬಲಪಾರ್ಶ್ವದ ಆಟಗಾರರು. ಇಬ್ಬರ ಅಂಗಿಯ ಮೇಲೂ 9 ಎಂಬ ಅಂಕೆ. 1944–45ರ ಋತುವಿನಲ್ಲಿ ರಿಷಾರ್ 50 ಪಂದ್ಯಗಳಲ್ಲಿ 50 ಗೋಲು ಹೊಡೆದ. 1960ರಲ್ಲಿ ಆಟ ಬಿಟ್ಟಾಗ ಅವನ ಲೆಕ್ಕ 544. 1963ರಲ್ಲಿ ಹೋ ಅದನ್ನು ದಾಟಿದ. 1955ರ ಮಾರ್ಚ್‌ನಲ್ಲಿ ರಿಷಾರನನ್ನು ಆಟದಿಂದ ಹೊರಗಿಟ್ಟುದಕ್ಕಾಗಿ ಮಾಂಟ್ರಿಯಲ್ ನಗರದಲ್ಲಿ ದೊಂಬಿಯೆದ್ದ ರಾತ್ರಿ ಎದುರಿಗೆ ಆಡುತ್ತಿದ್ದುದೂ ಡೆಟ್ರಾಯಿಟ್ ತಂಡವೇ. ಫ್ರೆಂಚ್ ನುಡಿಯ ಜನರಿಗೆ ರಿಷಾರನು ಆಟಗಾರನಷ್ಟೇ ಆಗಿರಲಿಲ್ಲ, ತಮ್ಮ ಮಾನವೇ ಆಗಿದ್ದನು. ಹಿಂದೆ ಊರನ್ನು ಹೊತ್ತು ಹಾಡುವ ನಮ್ಮ ಮುಮ್ಮೇಳದವನಿಗೆ ಈ ಮಾತು ಹೊಸದಲ್ಲ. ಆದರೆ ಅಲ್ಲಿ ಒಬ್ಬನ ಅಂಕಿಯನ್ನು ಹೇಳಿದರೆ ಇನ್ನೊಬ್ಬನ ಅಂಕಿಯನ್ನು ಹೇಳದೆ ಗತ್ಯಂತರವಿಲ್ಲ. ನಮ್ಮ ಬಯಲಿನಲ್ಲಿ ಅಂಕಿಯಿಲ್ಲ, ಪಂಚರ ಲಿಖಿತ ತೀರ್ಪಿಲ್ಲ. ಎದುರಾಳಿಯ ಹಾಡು ಹೋಯಿತೆಂದರೆ ಗೆದ್ದವನ ಗೆಲವೂ ಅದರೊಡನೆ ಹೋಯಿತು. ಉಳಿದವನನ್ನು ನಾವು ಮಹಾಕವಿಯೆನ್ನುತ್ತೇವೆ. ಯಾರೊಡನೆ ಸೆಣಸಿ ಅವನು ಹಾಗಾದನೆಂದು ಕೇಳಿದರೆ ಉತ್ತರವಿಲ್ಲ.

ಪರಂಪರೆಯ ದೋಷಗಳನ್ನು ಮುಚ್ಚಿಡುವುದು ಅದಕ್ಕೆ ಮಾಡುವ ಉಪಕಾರವಲ್ಲ. ಸವಾಲುಗಳಲ್ಲಿ ಬಹುಭಾಗ ಪುರಾಣದ ಲೆಕ್ಕಾಚಾರ: ಇಂಥವನ ತಾಯಿಯ ತಂದೆ ಯಾರು, ಇಂಥ ಅಸ್ತ್ರಕ್ಕೆ ಎಷ್ಟು ಮೊನೆ ಎಂಬ ಜಾತಿಯವು. ಅವಕ್ಕೆ ಉತ್ತರ ಹೇಳಲು ಕಂಠಪಾಠ ಸಾಕು, ಬುದ್ಧಿ ಬೇಡ. ಮಧ್ಯರಾತ್ರಿ ಮೀರಿದ ಮೇಲೆ ವಾದ ಬಡವಾದಲ್ಲಿ ಬೈಗುಳ ಸಮೃದ್ಧವಾಗುತ್ತದೆ, ಜನ ಅದಕ್ಕೂ ಸಿಳ್ಳು ಹಾಕುತ್ತಾರೆ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಮೂಲಪ್ರಶ್ನೆಯಾದರೂ, ಆತ್ಮಕ್ಕೆ ಸ್ತ್ರೀಪುರುಷಭೇದವನ್ನು ಒಪ್ಪದ ಜೇಡರ ದಾಸಿಮಯ್ಯನ ಮುದನೂರಿಗೆ ನೆರೆಯಾದ, ಬಸವಣ್ಣನು ಹುಟ್ಟಿದ ಬಾಗೇವಾಡಿಯನ್ನೊಳಗೊಂಡ ಈ ನಾಡಿನಲ್ಲಿ ಇನ್ನೂ ಕೇಳಬೇಕಾದ ಪ್ರಶ್ನೆಯೇ ಎಂದು ಒಬ್ಬನು ಸಿಡುಕಿದರೆ ಅವನ ಮೇಲೆ ತಪ್ಪು ಹೊರಿಸಲಾಗದು. ಬೆಳಗಿನ ಮಂಗಳದ ಹೊತ್ತಿಗೆ ಶಿವ ಶಕ್ತಿ ಬೇರೆಯಲ್ಲವೆಂಬ ಮಾತು ಬಂದೇ ಬರುತ್ತದೆ. ಆದರೆ ರಾತ್ರಿಯೆಲ್ಲ ಹೆಂಗಸಿನ ಚಂಚಲತೆಯ ಮೇಲೆ ಹೊಸೆದ ನುಡಿಗಳು ಅದೊಂದು ಮಾತಿನಿಂದ ತೊಳೆದುಹೋಗುವುದಿಲ್ಲ.

ಆದರೂ ಒಂದನ್ನು ಹೇಳಬೇಕು. ವಾದಕ್ಕೆ ನಿಲ್ಲುವವನು ತನ್ನ ಪಕ್ಷವನ್ನು ನಂಬಿಕೆಯಿಂದ ಆರಿಸಿಕೊಂಡವನಲ್ಲ. ಗುರುವಿನಿಂದ, ಮೇಳದಿಂದ ಪಡೆದವನು. ಮನೆಯಲ್ಲಿ ಹೆಂಡತಿಯ ಮೇಲೆ ಗದರುವ ಗೃಹಸ್ಥನು ನಾಗೇಶಿಯ ದಪ್ಪು ಹಿಡಿದು ರಾತ್ರಿಯಿಡೀ ಹೆಣ್ಣಿನ ಹಿರಿಮೆಯನ್ನು ಸಾಧಿಸಬೇಕಾದ ಪ್ರಸಂಗ ಹಾಸ್ಯಾಸ್ಪದವೂ ಹೌದು, ಶಿಕ್ಷಣವೂ ಹೌದು. ಪರಪಕ್ಷವನ್ನು ಅದರ ಪೂರ್ಣಬಲದಲ್ಲಿ ತಿಳಿದುಕೊಳ್ಳದೆ ಖಂಡಿಸಬಾರದೆಂಬ ತರ್ಕಶಾಸ್ತ್ರದ ನಿಯಮವನ್ನು ಓದುಬರಹವಿಲ್ಲದ ಒಕ್ಕಲಿಗರೂ ಕುರುಬರೂ ಕೃತಿಯಲ್ಲಿ ಪಾಲಿಸಿದರು. ಈಚಿನ ದಶಕಗಳಲ್ಲಿ ನಾಗೇಶಿಯ ಪಕ್ಷವನ್ನು ಹೆಂಗಸರ ಮೇಳಗಳೇ ವಹಿಸಿಕೊಂಡು ನಿಂತುದರಿಂದ ಆ ಹಾಸ್ಯ ಕಡಮೆಯಾಗಿ ವಾದಕ್ಕೆ ನಿಜವಾದ ಕಾವು ಬಂದಿದೆ. ಗಂಡಸರು ಶಕ್ತಿಯ ಪರವಾಗಿ ಹಾಡುವಾಗ ಆದಿಶಕ್ತಿಯ ಸೃಷ್ಟಿಕಥೆಯೇ ಪ್ರಧಾನ ಪ್ರಮಾಣವಾಗಿತ್ತು. ಹೆಂಗಸರು ಹಾಡತೊಡಗಿದ ಮೇಲೆ ಹೆರಿಗೆ, ಹೊಲದ ಕಳೆ, ಕುಡುಕ ಗಂಡ ಇವೂ ಪ್ರಮಾಣಗಳಾದವು. ಪರಂಪರೆ ಕೆಟ್ಟಿತೆಂದು ಹಳಹಳಿಸುವವರು ಈ ಒಂದು ಲಾಭವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಟ್ಟುದು ಬೇರೆ ಕಾರಣದಿಂದ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ, ‘ಗೀಯ ಗಾ ಗೀಯ’ ಎಂದು ಸೂರು ಹಿಡಿಯುವ ಇದೇ ಗೀಗೀ ಮೇಳಗಳು ಖಾದಿಯನ್ನೂ ಸ್ವದೇಶಿಯನ್ನೂ ಹಾಡಿ ಅಮೂಲ್ಯವಾದ ಸೇವೆ ಸಲ್ಲಿಸಿದವು. ಬಳಿಕ ಸರಕಾರದ ಪ್ರಚಾರಖಾತೆ ಅವೇ ಮೇಳಗಳಿಂದ ಕುಟುಂಬಯೋಜನೆಯನ್ನು ಹಾಡಿಸಿತು. ವಿಷಯಗಳು ಉತ್ತಮವಾದುವೇ. ಆದರೆ ಬ್ರಿಟಿಷರ ಪರವಾಗಿ ದಪ್ಪು ಹಿಡಿಯುವ ಎದುರು ಮೇಳ ಎಲ್ಲಿಂದ ಬರಬೇಕು? ಎದುರಾಳಿಯಿಲ್ಲದೆ ಹಾಡುವ ಅಭ್ಯಾಸ ಅಲ್ಲಿಂದ ಆರಂಭವಾಯಿತು. ಧ್ವನಿಸುರುಳಿಗಳು ಅದನ್ನು ಖಾಯಂ ಮಾಡಿದವು. ಸುರುಳಿಯಲ್ಲಿ ಸವಾಲು ಜವಾಬು ಎರಡೂ ಇದ್ದರೂ ಇಬ್ಬರೂ ಮೊದಲೇ ಕೂಡಿ ಒಪ್ಪಿಕೊಂಡವುಗಳು. ಉತ್ತರ ಹೊಳೆಯದೆ ತಬ್ಬಿಬ್ಬಾಗುವ ಆ ಅಮೂಲ್ಯ ಕ್ಷಣ ಅದರಲ್ಲಿ ಬರುವಂತಿಲ್ಲ.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ; ಸಂಗ್ರಹಕ್ಕೆ ಯಂತ್ರೋಪಕರಣಗಳ ಕೊರತೆ ಈಗ ಯಾರಿಗೂ ಇಲ್ಲ. ಇನ್ನು ಮೇಲೆ ಲಾವಣಿಯ ಸಂಪುಟಗಳನ್ನು ಸಿದ್ಧಪಡಿಸುವವರು ಹಾಡುಗಳನ್ನು ಆಯ್ದು ತರುವುದನ್ನು ಬಿಟ್ಟು ಇಡಿಯ ರಾತ್ರಿಗಳನ್ನು ತರಬೇಕು: ಎಡಪುಟದಲ್ಲಿ ಹರದೇಶಿ, ಬಲಪುಟದಲ್ಲಿ ನಾಗೇಶಿ, ನಡುವೆ ಬಿದ್ದ ಬೈಗುಳ ಸಹಿತವಾಗಿ. ಸಿಂದಗಿಯ ಕಡೆಯ ಜಾತ್ರೆಯೊಂದರಲ್ಲಿ ಮೊಬೈಲು ಹಿಡಿದು ಚಿತ್ರೀಕರಿಸುತ್ತಿದ್ದ ತರುಣನೊಬ್ಬನು ತನ್ನೂರ ಮೇಳದ ನುಡಿ ಮುಗಿದೊಡನೆ ಗುಂಡಿ ಒತ್ತಿ ನಿಲ್ಲಿಸಿದ. ಎದುರಿನವರದು ಬೇಡವೇ ಎಂದು ಕೇಳಿದರೆ, “ಅವರದ ಅವರ ಊರಾವ್ರು ಹಿಡಕೋತಾರ್ರಿ” ಎಂದ. ಆ ಊರಿನವರು ಹಿಡಿದುಕೊಂಡಿದ್ದರೆ ಎರಡನ್ನೂ ತಂದು ಜೋಡಿಸುವ ಕೆಲಸವನ್ನು ಯಾರಾದರೂ ಬೇಗನೆ ಕೈಗೆತ್ತಿಕೊಳ್ಳತಕ್ಕದ್ದು.