ಅಕೆನ್‌ಫೀಲ್ಡ್: ಮಾತು ಯಾರದು?



ಊರಿನಿಂದ ಬಂದ ನೆಂಟರಿಗೆ ಲಂಡನ್ ತೋರಿಸಿ ಮುಗಿಸಿದ ಮೇಲೆ ಒಂದು ಇಂಗ್ಲಿಷ್ ಹಳ್ಳಿಗೆ ಕರೆದೊಯ್ಯುವುದು ನಮ್ಮೆಲ್ಲರ ಪದ್ಧತಿ. ಹುಲ್ಲಿನ ಸೂರು, ಚರ್ಚಿನ ಗೋಪುರ, ಗುಲಾಬಿ ಬಳ್ಳಿ, ಕೊನೆಗೊಂದು ಪಬ್. ಫೋಟೋಗಳೂ ಚೆನ್ನಾಗಿ ಬರುತ್ತವೆ. ಆ ಹುಲ್ಲಿನ ಸೂರಿನ ಕೆಳಗೆ ಇದ್ದವರು ಯಾರು ಅಂತ ನಾನು ಯೋಚಿಸಿದ್ದು ರೊನಾಲ್ಡ್ ಬ್ಲೈತ್ ಅವರ ‘ಅಕೆನ್‌ಫೀಲ್ಡ್’ ಓದಿದ ಮೇಲೆಯೇ.

1969ರಲ್ಲಿ ಬಂದ ಪುಸ್ತಕ. ಅಕೆನ್‌ಫೀಲ್ಡ್ ಅನ್ನುವುದು ಕಲ್ಪಿತ ಹೆಸರು. ಸಫೋಕ್ ಕೌಂಟಿಯ ಚಾರ್ಸ್‌ಫೀಲ್ಡ್ ಮತ್ತು ನೆರೆಯ ಊರುಗಳನ್ನು ಬೆರೆಸಿ ಕಟ್ಟಿದ ಹಳ್ಳಿ ಅದು. ಬ್ಲೈತ್ ಹೊರಗಿನಿಂದ ಬಂದ ಸಂಶೋಧಕರಲ್ಲ. ಸಫೋಕ್‌ನ ಕೃಷಿ ಕಾರ್ಮಿಕನ ಮಗ, 14ಕ್ಕೇ ಶಾಲೆ ಬಿಟ್ಟವರು. (ನೂರು ವರ್ಷ ತುಂಬಿದ ಮೇಲೆ, 2023ರ ಜನವರಿಯಲ್ಲಿ ತೀರಿಕೊಂಡರು.) 1966-67ರಲ್ಲಿ ಸೈಕಲ್ ಮೇಲೆ ಸುತ್ತಿ ಕಮ್ಮಾರ, ನರ್ಸ್, ಗೋರಿ ತೋಡುವವ, ತೋಟದ ಮೇಸ್ತ್ರಿ ಎಲ್ಲರನ್ನೂ ಮಾತಾಡಿಸಿದರು. ಒಬ್ಬೊಬ್ಬರ ಮಾತೂ ಒಂದೊಂದು ಅಧ್ಯಾಯದಂತೆ ಬರುತ್ತದೆ.

ಮೊದಲಿಗೇ ಬರುವ ಲೆನರ್ಡ್ ಥಾಂಪ್ಸನ್ ಎಂಬ ಮುದುಕನನ್ನು ನಾನು ಮರೆಯಲಾರೆ. 1914ರಲ್ಲಿ ಸೈನ್ಯ ಸೇರಿದ ಹುಡುಗ, ತರಬೇತಿಯ ಕೆಲವೇ ತಿಂಗಳಲ್ಲಿ ತೂಕ ಹೆಚ್ಚಿಸಿಕೊಳ್ಳುತ್ತಾನೆ, ಸ್ವಲ್ಪ ಎತ್ತರವೂ ಆಗುತ್ತಾನೆ. ಊಟ ಚೆನ್ನಾಗಿತ್ತು ಅಂತ ಎಲ್ಲರ ಊಹೆ. ಅವನು ಕೊಡುವ ಕಾರಣ ಬೇರೆ: ಹುಟ್ಟಿದಾಗಿನಿಂದ ಮೊದಲ ಸಲ ಮೈಮುರಿಯುವ ದುಡಿಮೆ ಇರಲಿಲ್ಲ! ಸೈನ್ಯದ ತರಬೇತಿಯೇ ವಿಶ್ರಾಂತಿ ಅನ್ನಿಸಬೇಕಾದರೆ ಹೊಲದ ಕೆಲಸ ಹೇಗಿದ್ದಿರಬೇಕು. ಆಮೇಲೆ ಅವನನ್ನು ಗಲಿಪೊಲಿಗೆ ಕಳಿಸಿದರು.

ಆ ಚಂದದ ಮನೆಗಳ ವಿಷಯವೂ ಅಷ್ಟೇ. ಬಹಳಷ್ಟು ಕೂಲಿಯವರ ಮನೆ ಜಮೀನ್ದಾರನದು. ಕೆಲಸ ಹೋದರೆ ಮನೆಯೂ ಹೋಯಿತು. ಇದಕ್ಕೆ ಗಟ್ಟಿಯಾದ ಕಾನೂನು ರಕ್ಷಣೆ ಸಿಕ್ಕಿದ್ದು 1976ರಲ್ಲಿ. ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದ ನಮ್ಮಂಥವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಬರೀ ಗೋಳಿನ ಪುಸ್ತಕವಲ್ಲ. ಚರ್ಚಿನ ಗಂಟೆ ಬಾರಿಸುವವರ ಭಾಗ ನನ್ನಂಥ ಪ್ರೋಗ್ರಾಮರ್‌ಗೆ ಹಬ್ಬ. ಏಳು ಗಂಟೆಗಳನ್ನು, ಒಮ್ಮೆ ಬಂದ ಕ್ರಮ ಮತ್ತೆ ಬಾರದಂತೆ ಬಾರಿಸುತ್ತಾ ಹೋದರೆ 5040 ಕ್ರಮಗಳು. ಮುಗಿಸಲು ಸುಮಾರು ಮೂರು ತಾಸು ಬೇಕು. ಗಣಿತದ ಪದವಿಯಿಲ್ಲದ ರೈತಾಪಿ ಜನ ಇದನ್ನು ತಲೆಯಲ್ಲೇ ಇಟ್ಟುಕೊಂಡು ಹಗ್ಗ ಎಳೆಯುತ್ತಿದ್ದರು.

ಇನ್ನು ನನ್ನ ತಕರಾರು. ಎಲ್ಲರೂ ಸ್ವಲ್ಪ ಹೆಚ್ಚೇ ಸೊಗಸಾಗಿ ಮಾತಾಡುತ್ತಾರೆ. ಕೂಲಿಯವನ ವಾಕ್ಯಕ್ಕೂ ಬ್ಲೈತ್ ಅವರ ಸ್ವಂತ ವಾಕ್ಯಕ್ಕೂ ಲಯ ಒಂದೇ. ಕೇಳಿದ್ದೆಷ್ಟು, ತಿದ್ದಿದ್ದೆಷ್ಟು, ಯಾರನ್ನು ಯಾರ ಜೊತೆ ಬೆರೆಸಿದರು ಓದುಗನಿಗೆ ತಿಳಿಯುವುದಿಲ್ಲ. ಇತಿಹಾಸಕಾರರೂ ಇದನ್ನೇ ಆಕ್ಷೇಪಿಸಿದ್ದಾರೆ. ಹೆಂಗಸರ ದನಿಯಂತೂ ಕಡಿಮೆ. ಹೊಲದಲ್ಲಿ ಕಲ್ಲು ಆಯ್ದ ತಾಯಂದಿರ ಕಥೆಯನ್ನು ಗಂಡುಮಕ್ಕಳ ಬಾಯಲ್ಲಿ ಕೇಳಬೇಕು.

ಇಲ್ಲಿ ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್ ನೆನಪಾದರು. ಅವರ ರಾಂಪುರವೂ ಬದಲಿಸಿದ ಹೆಸರೇ. 1948ರಲ್ಲಿ ಮೈಸೂರು ಸೀಮೆಯ ಆ ಹಳ್ಳಿಯಲ್ಲಿದ್ದು ಮಾಡಿದ ಅಧ್ಯಯನ. ವಿಂಗಡಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಹೆಚ್ಚಾಗಿ ನೆನಪನ್ನೇ ನೆಚ್ಚಿ ಬರೆದರು, ಅದನ್ನು ಓದುಗನಿಗೆ ಹೇಳಿಯೂ ಬಿಟ್ಟರು. ಆದ್ದರಿಂದ ಅಲ್ಲಿ ನಂಬುವುದೆಷ್ಟು ಅನ್ನುವ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ. ಬ್ಲೈತ್ ಆ ಲೆಕ್ಕ ಕೊಡುವುದಿಲ್ಲ. ಥಾಂಪ್ಸನ್‌ನ ತೂಕದಂಥ ವಿವರವನ್ನು ನಾನು ಮರುಮಾತಿಲ್ಲದೆ ನಂಬುತ್ತೇನೆ, ಅದು ಕೂತು ಕಟ್ಟಿದ್ದಲ್ಲ. ಆದರೆ ಅದೇ ಜನ ಜೀವನದ ಬಗ್ಗೆ ತೂಗಿ ನುಡಿಯುವಾಗ ನನಗೆ ಕೇಳಿಸುವುದು ಬ್ಲೈತ್ ದನಿ.

ಪುಸ್ತಕ ಓದಿದವರು 1974ರಲ್ಲಿ ಪೀಟರ್ ಹಾಲ್ ಮಾಡಿದ ಸಿನಿಮಾವನ್ನೂ ನೋಡಿ. ವೃತ್ತಿನಟರಿಲ್ಲ, ಸಫೋಕ್‌ನವರೇ ಪಾತ್ರಧಾರಿಗಳು. ಬರೆದುಕೊಟ್ಟ ಸಂಭಾಷಣೆಯೂ ಇಲ್ಲ, ಅವರವರ ಮಾತು ಅವರವರದೇ. ಪಾದ್ರಿಯ ವೇಷದಲ್ಲಿ ಸ್ವತಃ ಬ್ಲೈತ್ ಇದ್ದಾರೆ. ಅಲ್ಲಿ ಜನ ತಡವರಿಸುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ, ಸುಮ್ಮನೆ ಕೂರುತ್ತಾರೆ. ಇಷ್ಟು ವರ್ಷ ಈ ದೇಶದಲ್ಲಿದ್ದೂ ಆ ಉಚ್ಚಾರಣೆ ನನಗೆ ಅರ್ಧವೇ ದಕ್ಕಿತು.