‘ಕವಲೊಡೆ’: ಒಂದು ಕ್ರಿಯಾಪದದ ಬಳಕೆಯನ್ನು ಕುರಿತು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಪ್ರಬೋಧನೆಗಳಲ್ಲಿ ‘ದಾರಿ ಕವಲೊಡೆಯಿತು’ ಎಂಬ ಮಾತನ್ನು ಕೇಳಿದ್ದೇನೆ, ನಾನೂ ಆಡಿದ್ದೇನೆ. ಅಣ್ಣತಮ್ಮಂದಿರು ಹಿಸ್ಸೆಯಾದರೂ, ಭಕ್ತನೊಬ್ಬ ಧರ್ಮಕೇಂದ್ರವನ್ನು ತೊರೆದರೂ, ಮುಳುಗಡೆಯಿಂದ ಊರೇ ಚದುರಿದರೂ ನಮಗೆ ಇದೊಂದೇ ಕ್ರಿಯಾಪದ. ಈ ಧಾರಾಳತನವು ಪರಾಮರ್ಶೆಗೆ ಅರ್ಹವಾಗಿದೆ.

ಗಡಿಗೆ ಒಡೆಯುತ್ತದೆ, ಬೀಜ ಮೊಳಕೆಯೊಡೆಯುತ್ತದೆ. ಮೊದಲನೆಯದು ನಾಶ, ಎರಡನೆಯದು ಜೀವದ ಹೊಮ್ಮುವಿಕೆ. ‘ಕವಲೊಡೆ’ ಎರಡನೆಯ ಗುಂಪಿಗೆ ಸೇರಿದ್ದು. ಕೊಂಬೆ ಎರಡಾದರೂ ಬುಡ ಒಂದೇ. ಮೇಲಾಗಿ ಇದು ಅಕರ್ಮಕ: ಕವಲೊಡೆಯುವುದು ತಾನಾಗಿಯೇ, ಒಡೆಯುವ ಹೊರಗಿನ ಕೈ ಇಲ್ಲಿಲ್ಲ.

ಹೀಬ್ರೂ ಭಾಷೆಯ ‘ಪಾರದ್’ ಧಾತುವು ಈ ಭೇದವನ್ನು ತನ್ನ ರೂಪಗಳಲ್ಲೇ ಕಾಣಿಸುತ್ತದೆ. ಏದೆನಿನ ನದಿ ನಾಲ್ಕಾಗಿ ಕವಲೊಡೆದುದನ್ನು (ಆದಿಕಾಂಡ 2:10), ಅಬ್ರಾಮ ಮತ್ತು ಲೋಟರು ಅಗಲಿದುದನ್ನು (13:11) ಹೇಳುವಲ್ಲಿ ಬರುವುದು ‘ನಿಫಾಲ್’ ರೂಪ. ತಾವಾಗಿ ಬೇರೆಯಾಗುವುದು ಎಂದು ಅದರ ಅರ್ಥ. ಚಾಡಿಕೋರನು ಆಪ್ತರನ್ನು ಅಗಲಿಸುವಲ್ಲಿ (ಜ್ಞಾನೋಕ್ತಿ 16:28) ಬರುವುದು ‘ಹಿಫೀಲ್’ ರೂಪ. ಅಲ್ಲಿ ಬೇರ್ಪಡಿಸುವ ಕರ್ತೃವೊಬ್ಬನಿದ್ದಾನೆ, ಅವನಿಗೆ ಹೊಣೆಯೂ ಇದೆ.

ನಮ್ಮ ಶರಾವತಿಯೊಂದೇ ಈ ಎರಡು ಅರ್ಥಗಳಿಗೂ ಸಾಕ್ಷಿ. ಜೋಗದಲ್ಲಿ ಅದು ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಕವಲೊಡೆದು, ಕೆಳಗೆ ಮತ್ತೆ ಒಂದೇ ಹೊಳೆಯಾಗಿ ಹರಿಯುತ್ತದೆ. ಅಲ್ಲಿಂದ ತುಸು ಮೇಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿತು. ಆ ಮನೆತನಗಳ ದಾರಿ ಕವಲೊಡೆಯಲಿಲ್ಲ, ಅವರನ್ನು ಒಕ್ಕಲೆಬ್ಬಿಸಲಾಯಿತು. ಇಲ್ಲಿ ಅಕರ್ಮಕ ಕ್ರಿಯಾಪದವನ್ನು ಬಳಸುವ ಬೋಧಕನು ತಿಳಿಯದೆಯೇ ಕರ್ತೃವನ್ನು ಮರೆಮಾಡುತ್ತಾನೆ, ನೊಂದವರ ದೂರನ್ನು ದೈವಚಿತ್ತದ ಹೆಸರಿನಲ್ಲಿ ಮುಚ್ಚುತ್ತಾನೆ.

ಹಾಗಾದರೆ ಈ ಪದವನ್ನು ಎಲ್ಲಿ ಬಳಸಬಹುದು? ಅಬ್ರಾಮನ ವೃತ್ತಾಂತವೇ ಒರೆಗಲ್ಲು. ಹಿರಿಯನಾದರೂ ಆಯ್ಕೆಯನ್ನು ಅವನು ಲೋಟನಿಗೆ ಬಿಟ್ಟುಕೊಟ್ಟನು. ಮುಂದೆ ಲೋಟನು ಸೆರೆಯಾದ ಸುದ್ದಿ ಬಂದಾಗ 318 ಮಂದಿಯೊಡನೆ ಹೊರಟು ಅವನನ್ನು ಬಿಡಿಸಿ ತಂದನು (14:14–16). ಬಿಡಾರ ಬೇರೆಯಾಗಿತ್ತು, ಬಾಂಧವ್ಯ ಕಡಿದಿರಲಿಲ್ಲ. ಬಲವಂತವಿಲ್ಲದೆ ಬೇರೆಯಾಗಿ, ಕಷ್ಟಕ್ಕೆ ಓಡಿಬರುವ ಸಂಬಂಧ ಉಳಿದಲ್ಲಿ ಮಾತ್ರ ‘ಕವಲೊಡೆ’ ಎನ್ನೋಣ.

ಹಿಂದೊಮ್ಮೆ, ತಮ್ಮನ ಪಾಲನ್ನು ಅಣ್ಣನು ಕಬಳಿಸಿದ ಮನೆಯಲ್ಲಿ ನಿಂತು ನಾನು ಇದೇ ಪದವನ್ನು ಹಿತವಚನವೆಂದು ನುಡಿದಿದ್ದೆ. ಅಣ್ಣನು ತಲೆದೂಗಿದನು, ತಮ್ಮನು ಎದ್ದುಹೋದನು. ಸಂಧಾನವು ನಡೆದುದನ್ನು ಅದರ ಹೆಸರಿನಿಂದಲೇ ಕರೆಯುವುದರಿಂದ ಆರಂಭವಾಗುತ್ತದೆ ಎಂಬುದನ್ನು ಪೀಠದಲ್ಲಿ ನಿಲ್ಲುವ ನಾವು ಮೊದಲು ಕಲಿಯಬೇಕಾಗಿದೆ.